ಸಸಿಮಡಿಯಲ್ಲಿ ಬೆಳೆದ ಮೊದಲ ತುತ್ತು

ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ ಎಂದು ನನ್ನೆದುರು ಯಾರೂ ಹೇಳಬಾರದು. ಸಿಗುತ್ತದೆ, ನನಗೂ ಗೊತ್ತು. ಮೂಡಿಗೆರೆ ಪೇಟೆಯಲ್ಲಿ ಮೂಟೆಯ ಮೇಲೆ ಮೂಟೆ ಪೇರಿಸಿಟ್ಟಿರುತ್ತಾರೆ, ಮೇಲೆ ಗಿಳಿಯ ಚಿತ್ರ, ಕಮಲದ ಚಿತ್ರ. ಆದರೆ ಹಾಗೆ ಹೇಳುವವರ ದನಿಯಲ್ಲಿ ಒಂದು ಸಸಾರ ಇರುತ್ತದಲ್ಲ, ಅದು ನನಗೆ ಆಗುವುದಿಲ್ಲ. ಅಂಗಡಿಯಲ್ಲಿ ಅಕ್ಕಿ ಬೆಳೆಯುತ್ತದೆಯೇ? ಎಲ್ಲೋ ಯಾರೋ ಕೆಸರಿನಲ್ಲಿ ಸೊಂಟ ಬಗ್ಗಿಸಿದ್ದಕ್ಕೆ ತಾನೇ ಅದು ಅಂಗಡಿಗೆ ಬಂದದ್ದು?

ನಾನು ಬರೆಯಲು ಕೂತದ್ದು ನನ್ನ ಮೊಮ್ಮಗಳ ವಿಷಯ. ಓದಿದ್ದು ಮೂರನೇ ಕ್ಲಾಸು, ಆದ್ದರಿಂದ ತಪ್ಪಿದ್ದರೆ ಓದುವವರು ನುಂಗಿಕೊಳ್ಳಬೇಕು. ಅವಳು ಕೊಟ್ಟ ಸಂತೋಷ ಹೇಳಲು ಹೊರಟರೆ ಮೊದಲು ಬಾಯಿಗೆ ಸಿಟ್ಟೇ ಬರುತ್ತದೆ. ಏನು ಮಾಡಲಿ, ಎರಡೂ ಒಂದೇ ಗದ್ದೆಯಲ್ಲಿ ಬೆಳೆದದ್ದು.

ನಮ್ಮದು ದೊಡ್ಡ ಎಸ್ಟೇಟಲ್ಲ. ಗುಡ್ಡದ ಮೇಲೆ ಒಂದಿಷ್ಟು ಕಾಫಿ, ಗುಡ್ಡದ ಬುಡದಲ್ಲಿ ಹಳ್ಳದ ಪಕ್ಕಕ್ಕೆ ಮೆಟ್ಟಿಲಿಟ್ಟ ಹಾಗೆ ನಾಲ್ಕು ಗದ್ದೆ. ಕಾಫಿ ಮಾರುವುದಕ್ಕೆ, ಭತ್ತ ಉಣ್ಣುವುದಕ್ಕೆ. ನಾನು ಮದುವೆಯಾಗಿ ಬಂದ ಕಾಲದಿಂದ ಈ ಮನೆಯಲ್ಲಿ ಒಂದು ಪದ್ಧತಿ ಇದೆ. ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲ ಅನ್ನ ಮನೆಯ ಗದ್ದೆಯದ್ದೇ ಆಗಬೇಕು, ಅದೂ ಕೆಂಪು ಭತ್ತದ ಹೊಸ ಅಕ್ಕಿ, ಅದೂ ಅಜ್ಜಿಯ ಕೈಯಿಂದ. ನನ್ನ ಅತ್ತೆ ನನ್ನ ಮಗನಿಗೆ ಉಣಿಸಿದ್ದು ಹಾಗೆ. ಈ ಮಣ್ಣಿನ ಋಣ ಹೊಟ್ಟೆಗೆ ಮೊದಲು ಹೋಗಲಿ, ಆಮೇಲೆ ಎಲ್ಲಿಯದನ್ನು ಬೇಕಾದರೂ ತಿನ್ನಲಿ ಎನ್ನುತ್ತಿದ್ದರು ಅವರು.

ಅವರು ಹೇಳುವ ಕಾಲಕ್ಕೆ ಅದು ಕಷ್ಟದ ಮಾತಾಗಿರಲಿಲ್ಲ, ಆಗ ಬಯಲೆಲ್ಲ ಭತ್ತವೇ. ನಾನು ಚಿಕ್ಕವಳಿದ್ದಾಗ ದೇಶದಲ್ಲಿ ಅಕ್ಕಿಗೇ ತತ್ವಾರ. ಸರ್ಕಾರದವರು ಲೆವಿ ಎಂದು ಅಂಗಳಕ್ಕೇ ಬಂದು ಭತ್ತ ಅಳೆಸಿಕೊಂಡು ಹೋಗುತ್ತಿದ್ದರು. ಬೆಳೆಯಿರಿ, ಒಂದು ಗೇಣು ಜಾಗವನ್ನೂ ಹಾಳು ಬಿಡಬೇಡಿ ಎಂದು ಭಾಷಣ ಮಾಡಿ ಹೋಗುತ್ತಿದ್ದರು. ಬೆಳೆದೆವು. ಆಮೇಲೆ ಇಂಟಾನ್ ಎಂಬ ಭತ್ತ ಬಂತು, ಅದರ ಹಿಂದೆಯೇ ಗೊಬ್ಬರದ ಚೀಲವೂ ಬಂತು, ಕಣಜ ತುಂಬಿತು. ಮೂರು ಗದ್ದೆಗೆ ಇಂಟಾನ್ ಹಾಕಿ, ಅತ್ತೆಯ ಮಾತಿಗೆ ಒಂದು ಗದ್ದೆಯಲ್ಲಿ ಮಾತ್ರ ಕೆಂಪು ಭತ್ತ ಉಳಿಸಿಕೊಂಡೆವು. ತೊಂಬತ್ತರ ಈಚೆಗೆ ಕಾಫಿಗೆ ಒಳ್ಳೆ ರೇಟು ಬಂದದ್ದೇ ತಡ, ನಮ್ಮ ಬಯಲಿನವರೆಲ್ಲ ಗದ್ದೆಗೆ ಕಾಲುವೆ ಹೊಡೆದು ನೀರು ಬಸಿದು ಕಾಫಿ ಗಿಡ ಇಟ್ಟರು. ನಮ್ಮ ಮೇಲಿನ ಮನೆಯವರೂ ಇಟ್ಟರು. ಒಂದೇ ಒಂದು ಗೇಣು ಹಾಳು ಬಿಡಬೇಡಿ ಎಂದ ಸರ್ಕಾರ ಆಗ ಎಲ್ಲಿಗೆ ಹೋಗಿತ್ತೋ, ಯಾರೂ ಬಂದು ಯಾಕಪ್ಪಾ ಎಂದು ಕೇಳಲಿಲ್ಲ. ಆಮೇಲೆ ಕಾಫಿ ರೇಟು ಬಿತ್ತು. ಬಿದ್ದ ಮೇಲಾದರೂ ಭತ್ತಕ್ಕೆ ಹಿಂತಿರುಗಿದರೇ ಎಂದರೆ ಅದೂ ಇಲ್ಲ. ಶುಂಠಿ ಬಂತು.

ಹೊರಗಿನಿಂದ ಬಂದವರು ಗದ್ದೆಯನ್ನು ಒಂದು ವರ್ಷಕ್ಕೆ ಗುತ್ತಿಗೆ ಹಿಡಿದು ಶುಂಠಿ ಹಾಕುವುದು, ಮರುವರ್ಷ ಆ ಮಣ್ಣು ಬೇಡ ಎಂದು ಇನ್ನೊಂದು ಕಡೆ ಹೋಗುವುದು. ಕುದುರೆಮುಖದ ಗಣಿ ನಿಲ್ಲುತ್ತದಂತೆ ಎಂದು ಬಸ್ಸಿನಲ್ಲೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ನನ್ನ ಮಗನೂ ಕೊಟ್ಟ. ಹೇಳಿದ್ದು ಊಟದ ನಡುವೆ, ಉಪ್ಪಿನಕಾಯಿ ಕೇಳಿದಷ್ಟು ಸಲೀಸಾಗಿ.

"ಗದ್ದೆ ಶುಂಠಿಗೆ ಕೊಟ್ಟೆ ಅವ್ವ."

"ಯಾರನ್ನ ಕೇಳಿ?"

"ಅಪ್ಪಯ್ಯಂಗೆ ಹೇಳಿದ್ನಲ್ಲ."

ನಮ್ಮ ಮನೆಯವರು ಬಟ್ಟಲು ನೋಡುತ್ತಾ ಹೇಳಿದರು, "ನಾನೇನೂ ಅನ್ಲಿಲ್ಲ ಮಾರಾಯ್ತಿ."

"ಏನೂ ಅನ್ನದಿದ್ರೆ ಈ ಮನೇಲಿ ಒಪ್ಪಿದ ಹಾಗೇ ಅಲ್ವ ಅಪ್ಪಯ್ಯ?" ಎಂದ ಮಗ.

ಸೊಸೆ ಆಗ ಬಸುರಿ, ತುಂಬಿದ ತಿಂಗಳು. ನಾನು ಅವಳ ಕಡೆ ಕೈ ತೋರಿಸಿದೆ. "ಈ ಕೂಸಿಗೆ ಮೊದಲ ಅನ್ನ ಎಲ್ಲಿಂದ ತರ್ತೀಯ?"

"ಅಂಗಡಿಯಿಂದ. ರೇಡಿಯೋದಲ್ಲಿ ಕೇಳ್ಲಿಲ್ವ ನೀನು? ದೇಶದ ಗೋದಾಮೆಲ್ಲ ತುಂಬಿ ಅಕ್ಕಿ ಹೊರಗೆ ನೆನೀತಾ ಇದೆಯಂತೆ. ತಿನ್ನೋರಿಲ್ದೆ ಹುಳ ಬೀಳ್ತಿದೆಯಂತೆ. ಅದರ ಮೇಲೆ ನಾವೂ ನಾಕು ಪಲ್ಲ ಬೆಳೆದು ಹಾಕ್ಬೇಕಾ?"

"ಹುಳ ಬಿದ್ದದ್ದನ್ನ ನನ್ನ ಮೊಮ್ಮಗೂಗೆ ತಿನ್ನಿಸ್ತೀಯ ಹಾಗಾದ್ರೆ."

"ಅವ್ವ, ನಿನ್ನ ಹತ್ರ ಮಾತಾಡಕ್ಕೆ ವಕೀಲರನ್ನೇ ಇಡ್ಬೇಕು."

ತಿನ್ನುವವರಿಲ್ಲ ಎಂದರಲ್ಲ ರೇಡಿಯೋದವರು. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಸಂಜೆಗೆ ಒಲೆ ಹೊತ್ತದೇ ಇದ್ದದ್ದನ್ನು ನಾನು ಕಂಡಿದ್ದೇನೆ. ತಿನ್ನುವವರು ಇದ್ದಾರೆ. ಅವರ ಬಟ್ಟಲಿಗೂ ಗೋದಾಮಿಗೂ ನಡುವೆ ದಾರಿ ಮಾಡದವರು, ಬೆಳೆದದ್ದೇ ಹೆಚ್ಚಾಯಿತು ಎನ್ನುತ್ತಾರೆ. ಕೊರತೆ ಬಂದಾಗಲೂ ಬೈಗುಳ ನಮಗೆ, ಹೆಚ್ಚಾದಾಗಲೂ ನಮಗೆ.

ಆ ಮಧ್ಯಾಹ್ನ ನಾನು ಬಟ್ಟಲು ತೊಳೆದ ಸದ್ದಿಗೆ ನಮ್ಮ ಮನೆಯವರು ಹೆದರಿರಬೇಕು. ಸಂಜೆ ಮಗನ ಹತ್ತಿರ ಹೇಳಿ, ಸಸಿಮಡಿಯನ್ನು ಬಿಡಿಸಿಕೊಟ್ಟರು. ಸಸಿಮಡಿ ಎಂದರೆ ನಾಟಿಗೆ ಮೊದಲು ಸಸಿ ಎಬ್ಬಿಸುವ ಚಿಕ್ಕ ತುಂಡು ಗದ್ದೆ. ಹಳ್ಳದ ಬಾಯಿಗೇ ಇರುವುದರಿಂದ ಸದಾ ಒದ್ದೆ, ಶುಂಠಿಯವರಿಗೂ ಅದು ಬೇಡವಾಗಿತ್ತು. ಇಡೀ ಬಯಲಿನಲ್ಲಿ ಭತ್ತ ಎಂದು ಉಳಿದದ್ದು ಅದೊಂದೇ, ಒಂದು ಚಾಪೆ ಹಾಸಿದಷ್ಟು ಜಾಗ. ಹಾಗೆ ಹೇಳಿದರೆ ಹೆಚ್ಚು ಕಡಿಮೆಯಾದೀತು, ಆದರೆ ನನ್ನ ಕಣ್ಣಿಗೆ ಅದು ಅಷ್ಟೇ.

ಕೂಸು ಹುಟ್ಟಿದ ಸುದ್ದಿ ಕಳಸದ ಕಡೆಯ ಸೊಸೆಯ ತವರಿನಿಂದ ಬಂದಾಗ ನಾನು ಸಸಿಮಡಿಯ ಒಂದು ಮೂಲೆಯಲ್ಲಿ ಮೊಳಕೆ ಬರಿಸಿದ ಕೆಂಪು ಭತ್ತ ಎರಚುತ್ತಿದ್ದೆ. ಹೆಣ್ಣು ಮಗು, ಇಬ್ಬರೂ ಸುಖವಾಗಿದ್ದಾರೆ ಎಂದು ನಮ್ಮ ಮನೆಯವರು ಬದುವಿನ ಮೇಲೆ ನಿಂತು ಕೂಗಿದರು. ಕೈಯಲ್ಲಿದ್ದ ಭತ್ತವನ್ನು ಎಲ್ಲೆಲ್ಲಿಗೆ ಎರಚಿದೆನೋ ನನಗೆ ತಿಳಿಯದು. ಆಮೇಲೆ ನೋಡಿದರೆ ಬದುವಿನ ಮೇಲೂ ಸಸಿ ಎದ್ದಿತ್ತು, ದಾರಿಯ ಮೇಲೂ ಎದ್ದಿತ್ತು. ಕೂಸಿಗೂ ಭತ್ತಕ್ಕೂ ಒಂದೇ ವಯಸ್ಸು. ನೋಡಲು ಹೋದಾಗ ಅವಳು ನನ್ನ ಬೆರಳು ಹಿಡಿದ ಹಿಡಿತವನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿಕೊಂಡು ಬಂದೆ. ಹೊರನಾಡಿಗೆ ಹೋಗಿ ಬರುತ್ತಿದ್ದ ಯಾರೋ ಹೆಂಗಸು, ಗುರುತಿಲ್ಲದವರು, ಕೇಳಿ ಕೇಳಿ ಸಾಕಾಗಿ ಪ್ರಸಾದ ಕೊಟ್ಟು ಸುಮ್ಮನಾಗಿಸಿದರು.

ನಾಟಿಯ ದಿನ ಬಂತು. ಮೊದಲೆಲ್ಲ ನಾಟಿ ಎಂದರೆ ಮುಯ್ಯಾಳು. ನಮ್ಮ ಗದ್ದೆಗೆ ನೀವು ಬನ್ನಿ, ನಿಮ್ಮ ಗದ್ದೆಗೆ ನಾವು ಬರುತ್ತೇವೆ, ಕೂಲಿಯ ಮಾತೇ ಇಲ್ಲ. ಒಬ್ಬರ ಗದ್ದೆ ಮುಗಿಸಿ ಇನ್ನೊಬ್ಬರ ಗದ್ದೆಗೆ ಕೆಸರುಕಾಲಿನಲ್ಲೇ ಇಳಿಯುವುದು. ಕಾಫಿಯಲ್ಲಿ ಅದು ನಡೆಯುವುದಿಲ್ಲ, ಕಾಫಿಗೆ ಮೇಸ್ತ್ರಿ ಬೇಕು, ಕೂಲಿ ಬೇಕು. ಗದ್ದೆ ಹೋದದ್ದನ್ನು ಎಲ್ಲರೂ ಕಂಡರು, ಗದ್ದೆಯ ಜೊತೆ ಮುಯ್ಯಿಯೂ ಹೋದದ್ದನ್ನು ಯಾರು ಕಂಡರು? ಮೂಲೆಯ ಸಸಿ ಕಿತ್ತು ಉಳಿದ ಮಡಿಗೆ ನೆಡುವುದು, ತುಂಡು ಜಾಗ, ಒಬ್ಬಳೇ ಮುಗಿಸೋಣ ಎಂದು ಇಳಿದೆ. ನೋಡಿದರೆ ಮೇಲಿನ ಮನೆಯ ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಬರುತ್ತಿದ್ದಾರೆ. ನನಗಿಂತ ಹಿರಿಯರು, ಮಂಡಿನೋವು ಬೇರೆ.

"ನಿಮ್ಮ ಗದ್ದೇಲಿ ಕಾಫಿ ಗಿಡ ಇದೆಯಲ್ಲಕ್ಕ, ನಾನು ಮುಯ್ಯಿ ಹೇಗೆ ತೀರಿಸ್ಲಿ?"

"ನಾ ಸತ್ತಾಗ ಬಂದು ಅಳು. ಈಗ ಸಸಿ ಕೊಡು."

"ಮಂಡಿ?"

"ಮಂಡಿ ಡಾಕ್ಟರ ಹತ್ರ ಮಾತ್ರ ನೋಯೋದು ಮಾರಾಯ್ತಿ, ಕೆಸರಲ್ಲಿ ನೋಯಲ್ಲ."

ಇಬ್ಬರೂ ನೆಟ್ಟೆವು. ಅಕ್ಕ ತಾವು ಕಾಫಿ ಇಟ್ಟ ಗದ್ದೆಯ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ನೆಟ್ಟ ಮೇಲೆ ಜಗಳ ನೀರಿನದು. ಶುಂಠಿಗೆ ನೀರು ನಿಲ್ಲಬಾರದು, ಆದ್ದರಿಂದ ಅವರು ನಮ್ಮ ಗದ್ದೆಗಳ ನಡುವೆ ಆಳುದ್ದದ ಬಸಿಗಾಲುವೆ ಹೊಡೆದಿದ್ದರು. ಅದು ಅವರ ಶುಂಠಿಯ ನೀರನ್ನಷ್ಟೇ ಎಳೆಯುತ್ತದೆಯೇ? ನನ್ನ ಸಸಿಮಡಿಯದ್ದನ್ನೂ ಎಳೆಯಿತು. ಮಲೆನಾಡಿನ ಆಷಾಢದಲ್ಲಿ, ಆಕಾಶ ಹರಿದು ಬೀಳುವಾಗ, ನನ್ನ ಗದ್ದೆ ಒಣಗಿ ಬಿರುಕು ಬಿಡುತ್ತಿತ್ತು ಎಂದರೆ ಯಾರು ನಂಬುತ್ತಾರೆ? ದಿನಾ ಸಂಜೆ ಹೋಗಿ ಬದುವಿನ ತೂತಿಗೆ ಮಣ್ಣು ಮೆತ್ತುವುದು, ಬೆಳಿಗ್ಗೆ ನೋಡಿದರೆ ಇನ್ನೊಂದು ಕಡೆ ಸೋರುವುದು. ಮಗ ತೋಟಕ್ಕೆ ಹೋಗುತ್ತಾ ಅದನ್ನು ನೋಡುತ್ತಿದ್ದ. ಏನೂ ಅನ್ನುತ್ತಿರಲಿಲ್ಲ. ಅವರಪ್ಪನ ಮಗ.

ಭೂಮಿ ಹುಣ್ಣಿಮೆ ಬಂತು. ಭತ್ತ ಹೊಡೆ ತುಂಬಿ ಬಸುರಿಯ ಹಾಗೆ ನಿಂತಿರುವ ಹೊತ್ತು ಅದು. ಹೆಣ್ಣಿಗೆ ಸೀಮಂತ ಮಾಡಿದ ಹಾಗೆ ಗದ್ದೆಗೂ ಬಯಕೆಯ ಊಟ ಹಾಕಬೇಕು. ಹೆಂಗಸರು ಸಿಕ್ಕ ಸಿಕ್ಕ ಸೊಪ್ಪನ್ನೆಲ್ಲ ಬೇಯಿಸಿ ಅನ್ನಕ್ಕೆ ಕಲಸಿ, ಕಡುಬು ಮಾಡಿ ಬುಟ್ಟಿಗೆ ತುಂಬುವುದು, ಗಂಡಸರು ಬೆಳಕು ಹರಿಯುವ ಮೊದಲೇ ಹೊತ್ತುಕೊಂಡು ಹೋಗಿ ಕೂಗು ಹಾಕುತ್ತಾ ಗದ್ದೆಗೆ ಬೀರುವುದು. ನಾನು ಬುಟ್ಟಿ ತುಂಬಿ ಕೊಟ್ಟೆ. ನಮ್ಮ ಮನೆಯವರು ಟಾರ್ಚು ಹಿಡಿದು ಹೊರಟರು. ಹುಟ್ಟಿದಾಗಿನಿಂದ ನಡೆದ ದಾರಿ, ಕಾಲು ತಾನಾಗಿ ದೊಡ್ಡ ಗದ್ದೆಗೇ ಕೊಂಡುಹೋಯಿತು. ಅಲ್ಲಿ ನಿಂತು ಕೂಗು ಹಾಕಿ, ಬುಟ್ಟಿಯಲ್ಲಿದ್ದದ್ದನ್ನೆಲ್ಲ ಭಕ್ತಿಯಿಂದ ಶುಂಠಿಗೆ ಬೀರಿದ್ದಾರೆ. ಶುಂಠಿಯ ಕಾವಲಿನವನು ಗುಡಿಸಲಿನಿಂದ ದೊಣ್ಣೆ ಹಿಡಿದು ಎದ್ದು ಬಂದನಂತೆ.

"ಯಾರದು? ಏನು ಹಾಕ್ತಿದ್ದೀರಿ ಗಿಡಕ್ಕೆ? ಔಷಧಿಯಾ?"

"ಊಟ," ಎಂದರಂತೆ ಇವರು.

"ಶುಂಠಿಗಾ?"

ಇವರಿಗೆ ಆಗ ತಿಳಿಯಿತಂತೆ. ಬರಿ ಬುಟ್ಟಿ ಹಿಡಿದು ಮನೆಗೆ ಬಂದು ಬಾಗಿಲಲ್ಲಿ ನಿಂತರು. ಬಾಣಂತನ ಮುಗಿಸಿ ಬಂದಿದ್ದ ಸೊಸೆ ಕೂಸನ್ನು ಎತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನು ನಗಲಿಲ್ಲ. ನನಗೆ ಸಿಟ್ಟು ಬಂತು. ಇವರ ಮೇಲಲ್ಲ. ಅರವತ್ತು ದಾಟಿದ ಗಂಡಸು, ತನ್ನ ಗದ್ದೆಗೆ ತಾನು ಹೋಗಿ, ದಾರಿ ತಪ್ಪಿದವನ ಹಾಗೆ ಬೇರೆಯವನ ದೊಣ್ಣೆಯ ಎದುರು ನಿಲ್ಲಬೇಕಾಯಿತಲ್ಲ. ಶುಂಠಿ ಬಸುರಾಗುವುದಿಲ್ಲ, ತೆನೆ ಬಾಗಿಸಿ ನಿಲ್ಲುವುದಿಲ್ಲ. ಮಣ್ಣೊಳಗೇ ಊದಿಕೊಂಡು ಮಣ್ಣಿನದ್ದೆಲ್ಲ ಹೀರಿ ಲಾರಿ ಹತ್ತುತ್ತದೆ. ಅದಕ್ಕೆ ಯಾವ ಬಯಕೆ?

ಮತ್ತೆ ಒಲೆ ಹೊತ್ತಿಸಿದೆ. ಹಿತ್ತಲಲ್ಲಿ ಉಳಿದ ಸೊಪ್ಪು ಕೊಯ್ದು ಎರಡನೇ ಬುಟ್ಟಿ ಮಾಡಿದೆ. ಈ ಸಲ ನಾನೇ ಹೋದೆ, ಕೂಸನ್ನೂ ಎತ್ತಿಕೊಂಡು. ಹೆಂಗಸರು ಹೋಗುವ ಪದ್ಧತಿಯಿಲ್ಲ. ಪದ್ಧತಿ ನೋಡುವುದಕ್ಕೆ ಬಯಲಿನಲ್ಲಿ ಬೇರೆ ಗದ್ದೆಯಾದರೂ ಎಲ್ಲಿತ್ತು? ಸಸಿಮಡಿಯ ಭತ್ತ ಸೊಂಟದವರೆಗೆ ಬಂದಿತ್ತು. ಕೂಸು ಅದಕ್ಕೆ ಕೈ ಚಾಚಿ ಏನೋ ಕಿರುಚಿತು. ಕೂಗು ಹಾಕುವ ಕೆಲಸ ಅವಳದ್ದೇ ಆಯಿತು.

ತೆನೆಗೆ ಹಾಲು ತುಂಬಿದ ಮೇಲೆ ಗಿಳಿ ಬಂದವು, ನವಿಲು ಬಂದವು. ಮೊದಲು ಬಯಲಿನ ಉದ್ದಕ್ಕೂ ಭತ್ತವಿತ್ತು. ಹಕ್ಕಿ ಒಬ್ಬೊಬ್ಬರ ಗದ್ದೆಯಲ್ಲಿ ಒಂದೊಂದು ಕೊಕ್ಕು ತಿಂದು ಹೋದರೆ ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ಇಡೀ ಕಣಿವೆಯ ಹಕ್ಕಿಗೆ ನನ್ನದೊಂದೇ ಪಂಕ್ತಿ. ನಾನು ಕೂಸನ್ನು ಸೊಂಟಕ್ಕೇರಿಸಿಕೊಂಡು ಬದುವಿನ ಮೇಲೆ ಕೂತು ತಗಡಿನ ಡಬ್ಬ ಬಡಿಯುತ್ತಿದ್ದೆ. ಡಬ್ಬದ ಸದ್ದಿಗೆ ಅವಳು ಕೇಕೆ ಹಾಕುವುದು, ಕೇಕೆಗೆ ಗಿಳಿ ಏಳುವುದು, ಗಿಳಿ ಎದ್ದದ್ದು ನೋಡಿ ಅವಳು ಇನ್ನೂ ಜೋರಾಗಿ ಕೇಕೆ ಹಾಕುವುದು. ನನ್ನ ಆಯುಷ್ಯದಲ್ಲಿ ಅಷ್ಟು ಸುಖ ನಾನು ಕಂಡಿಲ್ಲ.

ಆದರೆ ಕೊಯ್ಲು ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಂದಿ ಹೊಕ್ಕಿತ್ತು. ನಡುಗದ್ದೆ ಪೂರಾ ಮಲಗಿತ್ತು. ಅಂಚಿನಲ್ಲಿ ಮಾತ್ರ ಒಂದಿಷ್ಟು ತೆನೆ ನಿಂತಿದ್ದವು. ಬದುವಿನ ಮೇಲೆ ಕೂತುಬಿಟ್ಟೆ. ಶುಂಠಿಗೆ ಕಾವಲಿತ್ತು, ತಂತಿಬೇಲಿ ಇತ್ತು. ಭತ್ತಕ್ಕೆ ಒಬ್ಬಳು ಮುದುಕಿ, ಒಂದು ಡಬ್ಬ, ಹಲ್ಲಿಲ್ಲದ ಒಂದು ಕೂಸು.

ಸುದ್ದಿ ಕೇಳಿ ಬೀಗಿತ್ತಿ, ಸೊಸೆಯ ತಾಯಿ, ಬಂದು ಸಮಾಧಾನ ಮಾಡಿದರು. "ಬೇಸರ ಮಾಡ್ಕೋಬೇಡಿ. ಹೊರನಾಡಲ್ಲೇ ಅನ್ನಪ್ರಾಶನ ಮಾಡ್ಸೋಣ. ಅಮ್ಮನೋರ ಅನ್ನಕ್ಕಿಂತ ದೊಡ್ಡದು ಯಾವುದಿದೆ ಹೇಳಿ."

"ಅಮ್ಮನೋರಿಗೆ ಕೈ ಮುಗೀತೀನಿ," ಎಂದೆ. "ಕೂಸಿಗೆ ಮೊದಲು ಮನೇಲಿ ಉಣಿಸಿ, ಆಮೇಲೆ ಕರ್ಕೊಂಡು ಹೋಗೋಣ."

"ಉಣಿಸೋದಕ್ಕೆ ಏನುಳಿದಿದೆ ನಿಮ್ಮ ಗದ್ದೇಲಿ?"

ಅದೇ ಪ್ರಶ್ನೆ. ನಿಂತಿದ್ದ ತೆನೆಯನ್ನು ಕೈಯಲ್ಲೇ ಕೊಯ್ದು, ಬಿದ್ದದ್ದರಲ್ಲಿ ಆಯ್ದು, ಕಾಲಿನಲ್ಲಿ ತುಳಿದು ತೆಗೆದರೆ ಒಂದು ಮೊರದಷ್ಟು ಭತ್ತವಾಯಿತು. ಅದರಲ್ಲಿ ಬೀಜಕ್ಕೂ ಇಡಬೇಕು. ಈ ಕೆಂಪು ಭತ್ತ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಇದನ್ನೂ ಕುಟ್ಟಿ ಉಂಡರೆ ಕಥೆ ಮುಗಿಯಿತು. ಬೀಜಕ್ಕೆ ಎಂದು ಹುಲ್ಲಿನಲ್ಲಿ ಮುಡಿ ಕಟ್ಟಿದೆ. ಕೂಸಿಗೆ ಉಳಿದದ್ದು ಒಂದು ಬೊಗಸೆ.

ಒಂದು ಬೊಗಸೆ ಭತ್ತವನ್ನು ಯಾವ ಮಿಲ್ಲಿಗೆ ಒಯ್ಯಲಿ? ಪೇಟೆಯ ಭತ್ತದ ಮಿಲ್ಲು ನಿಂತುಹೋಗಿ ಅಲ್ಲಿ ಆಗ ಯಾರದೋ ತೊಳೆದೊಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳಿದ್ದವು. ಮನೆಯ ನೆಲದಲ್ಲಿದ್ದ ಒರಳು ಟೈಲ್ಸಿನ ಕೆಳಗೆ ಹೋಗಿ ವರ್ಷಗಳಾಗಿದ್ದವು. ಅಂಗಳದ ಮೂಲೆಯಲ್ಲಿ ಹಳೆಯ ಕಲ್ಲೊರಳೊಂದಿತ್ತು, ಕೋಳಿಗೆ ನೀರಿಡುತ್ತಿದ್ದದ್ದು. ಸೊಸೆ ತಾನೇ ಅದನ್ನು ತಿಕ್ಕಿ ತೊಳೆದಳು. ಅವಳು ಒನಕೆ ಹಿಡಿದದ್ದು ಅದೇ ಮೊದಲು.

"ಮೆಲ್ಲಗೆ ಹೊಡಿ," ಎಂದೆ. "ಅಕ್ಕಿ ನುಚ್ಚಾದ್ರೆ ಕೋಳಿಗೇ ಹೋಗೋದು."

"ಅತ್ತೆ, ಕೋಳಿ ಆಗ್ಲೇ ಬಂದು ಕೂತಿದೆ ನೋಡಿ. ಅದರ ಬಟ್ಟಲು ನಾವು ಕಿತ್ಕೊಂಡಿದ್ದೀವಲ್ಲ."

ಇಬ್ಬರೂ ನಕ್ಕೆವು. ಕೆಂಪು ಅಕ್ಕಿ ಹೊಟ್ಟಿನಿಂದ ಬಿಡಿಸಿಕೊಂಡು ಬಂತು.

ಅನ್ನಪ್ರಾಶನದ ದಿನ ನೆಂಟರು ಬಂದರು. ಅವರ ಊಟಕ್ಕೆ ಅಂಗಡಿಯ ಅಕ್ಕಿಯೇ. ಬೇರೆ ದಾರಿಯಿರಲಿಲ್ಲ. ಬೀಗಿತ್ತಿ ಕೊಪ್ಪರಿಗೆಯ ಮುಚ್ಚಳ ತೆಗೆದು, "ಅನ್ನ ಮಲ್ಲಿಗೆ ಹೂವಿನ ಹಾಗೆ ಬಂದಿದೆ," ಎಂದು ಹೊಗಳಿದರು. ನಾನು ಹಲ್ಲು ಕಚ್ಚಿ ಹೂಂ ಎಂದೆ. ಬೆಳ್ಳಗಿದ್ದದ್ದೆಲ್ಲ ಮಲ್ಲಿಗೆಯೇ ಜನಕ್ಕೆ. ಶುಂಠಿಯವರು ಬೆಳೆ ಕಿತ್ತು ಲಾರಿ ತುಂಬಿ ಹೋಗಿ ಕೆಲವೇ ದಿನವಾಗಿತ್ತು. ಖಾಲಿ ಗದ್ದೆಗೆ ಬರುವ ವರ್ಷ ಕಾಫಿ ಇಡುತ್ತೇನೆಂದು ಮಗ ನೆಂಟರ ಹತ್ತಿರ ಹೇಳುತ್ತಿದ್ದ. ಭತ್ತದಲ್ಲಿ ಏನೂ ಇಲ್ಲ ಬಿಡಿ ಎಂದು ಒಬ್ಬರು ತಲೆದೂಗಿದರು. ಅವರ ಕೈ ಅನ್ನದಲ್ಲೇ ಇತ್ತು.

ಕೂಸನ್ನು ಅಜ್ಜನ ತೊಡೆಯ ಮೇಲೆ ಕೂರಿಸಿದೆವು. ಬೆಳ್ಳಿ ಬಟ್ಟಲಿನಲ್ಲಿ ಕೆಂಪಕ್ಕಿಯ ಮೆತ್ತನೆಯ ಅನ್ನ, ತುಪ್ಪ, ಚೂರು ಬೆಲ್ಲ. ನನ್ನ ಬೆರಳ ತುದಿಯಿಂದ ಮೊದಲ ತುತ್ತು ಇಟ್ಟೆ. ಅವಳು ಮುಖ ಸೊಟ್ಟ ಮಾಡಿದಳು. ಬೀಗಿತ್ತಿ, "ಉಗೀತಾಳೆ ನೋಡಿ," ಎಂದರು. ಉಗಿಯಲಿಲ್ಲ. ನಾಲಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ, ದೊಡ್ಡವರ ಹಾಗೆ ಯೋಚನೆ ಮಾಡಿ, ನುಂಗಿ, ಮತ್ತೆ ಬಾಯಿ ತೆರೆದಳು. ನನ್ನ ಕಣ್ಣು ಮಂಜಾಗಿ ಎರಡನೇ ತುತ್ತು ಅವಳ ಮೂಗಿಗೆ ಹೋಯಿತು. ಮೂರನೆಯದಕ್ಕೆ ಅವಳಿಗೆ ತಡೆಯಲಿಲ್ಲ. ಎರಡೂ ಕೈಯಲ್ಲಿ ಬಟ್ಟಲಿಗೆ ಹೊಡೆದಳು, ಅನ್ನವೆಲ್ಲ ಚಾಪೆಯ ಮೇಲೆ.

ಎಲ್ಲರೂ ನಕ್ಕರು. ಸೊಸೆ ಒರೆಸುವ ಬಟ್ಟೆ ತರಲು ಎದ್ದಳು. ಅಷ್ಟರಲ್ಲಿ ನನ್ನ ಮಗ ಬಗ್ಗಿದ. ಚಾಪೆಯ ಮೇಲೆ ಬಿದ್ದ ಅಗುಳನ್ನು ಒಂದೊಂದಾಗಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳತೊಡಗಿದ. ಚಾಪೆಯ ಸಂದಿಯಲ್ಲಿ ಸಿಕ್ಕಿದ್ದನ್ನೂ ಉಗುರಿನಲ್ಲಿ ಬಿಡಿಸಿ ತೆಗೆದ. ಯಾರೂ ಅವನಿಗೆ ಹೇಳಿರಲಿಲ್ಲ. ದೇಶದ ಗೋದಾಮಿನಲ್ಲಿ ಕೊಳೆಯುತ್ತಿದೆ ಎಂದವನು ಅವನೇ.

ಮರುದಿನ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಗದ್ದೆಯ ಕಡೆ ಇಳಿದೆ. ಮಂಜಿನಲ್ಲಿ ಗುದ್ದಲಿಯ ಸದ್ದು ಕೇಳಿತು. ಮಗ ಶುಂಠಿಯವರು ಹೊಡೆದ ಬಸಿಗಾಲುವೆಗೆ ಮಣ್ಣೆಳೆದು ಮುಚ್ಚುತ್ತಿದ್ದ. ಆ ಕಾಲುವೆ ಮುಚ್ಚಿದರೆ ಬರುವ ಮಳೆಗೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಶುಂಠಿಯೂ ಬಾರದು, ಕಾಫಿಯೂ ಬಾರದು.

ನನ್ನನ್ನು ನೋಡಿದ. ನಾನು ಅವನನ್ನು ಹೊಗಳಬೇಕಿತ್ತೋ ಏನೋ. ವರ್ಷವಿಡೀ ಆ ಕಾಲುವೆಯ ಮೇಲೆ ನುಂಗಿಕೊಂಡ ಸಿಟ್ಟು ಅಷ್ಟು ಬೇಗ ಇಳಿಯುತ್ತದೆಯೇ?

"ಕೆಳಗಡೇದೂ ಮುಚ್ಚು," ಎಂದೆ. "ಅದೇ ಜಾಸ್ತಿ ನೀರು ಎಳೆಯೋದು."

"ಗೊತ್ತು ಅವ್ವ. ನೀನು ಮೊದ್ಲು ಕೂಸಿನ ತಲೆಗೆ ಏನಾದ್ರೂ ಹೊದಿಸು, ಮಂಜು ಬೀಳ್ತಿದೆ."

ಟೋಪಿ ಮರೆತೇ ಬಂದಿದ್ದೆ. ಅವಳನ್ನು ಸೆರಗಿನೊಳಗೆ ಹಾಕಿಕೊಂಡು, ಕೆಳಗಿನ ಕಾಲುವೆಯನ್ನು ಅವನು ಮುಚ್ಚಿ ಮುಗಿಸುವವರೆಗೆ ಬದುವಿನ ಮೇಲೇ ನಿಂತಿದ್ದೆ.